ಪರದೆಯ ಮೇಲಿನ ಹಲ್ಲು

“ಬಾಯಿ ತೆಗಿ ಚಿನ್ನ” ಎಂದು ಹಲ್ಲಿನ ಡಾಕ್ಟರು ಬೇಡಿಕೊಂಡಷ್ಟೂ ಪುಟ್ಟ ಹುಡುಗಿ ಗುಬ್ಬಿ ತುಟಿ ಬಿಗಿದುಕೊಂಡಿತು. ಬಾಯೊಳಗೆ ಚಿತ್ರ ತೆಗೆಯುವ ಕ್ಯಾಮೆರಾ ಕಡ್ಡಿ ಹಿಡಿದು ಅವರ ಕೈ ಸೋತಿತ್ತು. ಹಿಂದಿನ ಹಾಗೆ ಬಾಯಿಗೆ ಹಿಟ್ಟು ತುಂಬಿ ಅಚ್ಚು ತೆಗೆಯಬೇಕಿಲ್ಲ, ಕಂಪ್ಯೂಟರೇ ಅಳತೆ ಹಿಡಿದು ಹುಳುಕು ಹಲ್ಲಿಗೆ ತೊಡಿಸುವ ಕ್ಯಾಪಿನ ನಕ್ಷೆ ಬರೆದುಕೊಡುತ್ತದೆ, ಪಕ್ಕದ ಕೋಣೆಯ ಯಂತ್ರ ಕೆತ್ತಿಕೊಡುತ್ತದೆ ಎಂದು ಆಗಲೇ ಬೇಕಾದಷ್ಟು ವರ್ಣಿಸಿದ್ದರು. ಬಾಯಿ ತೆರೆಸುವ ಯಂತ್ರ ಮಾತ್ರ ಇನ್ನೂ ಬಂದಿರಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಅಜ್ಜಿ ಕಳ್ಳರ ಹಾಗೆ ಮುದುಡಿ ಕೂತಿದ್ದಳು. ಮಗುವಿನ ಹಾಲುಹಲ್ಲು ಹುಳುಕಾದದ್ದು ನಿನ್ನಿಂದಲೇ, ಕದ್ದು ಮಿಠಾಯಿ ತಿನ್ನಿಸುತ್ತೀಯ ಎಂದು ಮಗಳು, ಗುಬ್ಬಿಯ ಅಮ್ಮ, ದಾರಿಯುದ್ದಕ್ಕೂ ದಬಾಯಿಸಿದ್ದಳು. ಇವತ್ತಿನಿಂದ ಗುಬ್ಬಿ ಅಜ್ಜಿಯ ಪಕ್ಕ ಮಲಗುವ ಹಾಗಿಲ್ಲ ಎಂದೂ ಹೇಳಿಬಿಟ್ಟಿದ್ದಳು. ಮಿಠಾಯಿ ಕೊಟ್ಟೇ ಇಲ್ಲ ಎಂದು ಅಜ್ಜಿ ಆಣೆ ಹಾಕಿದ್ದಳು. ಆಣೆ ಹಾಕುವಾಗ ಮೊಮ್ಮಗಳ ಮುಖ ಮಾತ್ರ ನೋಡಿರಲಿಲ್ಲ.

“ಪ್ರೀತಿ ಅಂದ್ರೆ ಸಕ್ಕರೆ ಅಲ್ಲಮ್ಮಾ” ಎಂದು ಡಾಕ್ಟರೂ ಒಂದು ಮಾತು ಕುಟುಕಿದರು. ಅಜ್ಜಿ ಅದನ್ನೂ ನುಂಗಿಕೊಂಡಳು.

ಕೊನೆಗೆ ಡಾಕ್ಟರು ಬಗ್ಗಿ ಗುಬ್ಬಿಯ ಕಿವಿಯಲ್ಲಿ ಏನೋ ಉಸುರಿದರು. ಬಾಯಿ ಗುಹೆಯ ಹಾಗೆ ತೆರೆದುಕೊಂಡಿತು. ಪರದೆಯ ಮೇಲೆ ಹಲ್ಲು ಮೂಡಿತು. ಡಾಕ್ಟರು ಅದಕ್ಕೆ ಕ್ಯಾಪ್ ತೊಡಿಸಿ ಗಿರಗಿರನೆ ತಿರುಗಿಸಿ ತೋರಿಸಿದರು. ಮಗಳು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು. ಸ್ವಲ್ಪ ಹೊತ್ತಿಗೆ ನಿಜವಾದ ಕ್ಯಾಪೂ ಬಂತು, ಕೂತಿತು. ಕೂದಲೆಳೆ ತೂರುವಷ್ಟೂ ಸಂದಿಲ್ಲ ಎಂದು ಡಾಕ್ಟರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಗುಬ್ಬಿ ಕುರ್ಚಿಯಿಂದ ಇಳಿಯಲಿಲ್ಲ. ಕೈ ಚಾಚಿತು. “ಕೊಡ್ತೀನಿ ಅಂದ್ರಲ್ಲ, ಕೊಡಿ.”

ಅಂಟು ಒಣಗಲಿ, ನಾಳೆ ಬಾ ಎಂದು ಡಾಕ್ಟರು ತಡವರಿಸಿದರು. ಗುಬ್ಬಿ ರಾಗ ತೆಗೆಯಿತು. ಹೊರಗೆ ಕಾದಿದ್ದವರು ಬಾಗಿಲಲ್ಲಿ ಇಣುಕಿದರು. ಡಾಕ್ಟರು ಮೇಜಿನ ಖಾನೆಯಿಂದ ತಾವು ತಿನ್ನಲೆಂದು ಇಟ್ಟುಕೊಂಡಿದ್ದ ಟಾಫಿಯೊಂದನ್ನು ತೆಗೆದು ಅದರ ಕೈಗೆ ತುರುಕಿದರು. “ಚೀಪು, ಕಚ್ಚಬೇಡ.”

ಗುಬ್ಬಿ ಕಚ್ಚಿತು. ಜಗ್ಗಿ ಎರಡು ತುಂಡು ಮಾಡಿ, ಒಂದನ್ನು ಮೂಲೆಯ ಕಡೆ ಚಾಚಿತು. “ತಗೋ ಅಜ್ಜಿ. ದಿನಾ ಥರ ಅರ್ಧ ನಿಂಗೆ.”

ಆ ಅರ್ಧದ ತುದಿಗೆ ಹೊಸ ಕ್ಯಾಪ್ ಅಂಟಿಕೊಂಡಿತ್ತು.

ಮಗಳು ಅಮ್ಮನನ್ನು ನೋಡಿದಳು, ಡಾಕ್ಟರನ್ನು ನೋಡಿದಳು. ಮೊದಲು ಯಾರಿಗೆ ಬೈಯುವುದೆಂದು ತೋಚದೆ ನಿಂತಳು. ಡಾಕ್ಟರು ಖಾನೆಯನ್ನು ಮೊಣಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದರು. ಅಜ್ಜಿಗೆ ಮಾತ್ರ ರಾತ್ರಿಯ ಖಾಲಿ ಹಾಸಿಗೆ ಕಣ್ಣಿಗೆ ಕಟ್ಟಿತು.

ಪರದೆಯ ಮೇಲೆ ಹಲ್ಲು ಇನ್ನೂ ತಿರುಗುತ್ತಲೇ ಇತ್ತು, ಒಂದು ಕಲೆಯೂ ಇಲ್ಲದೆ. ಅಜ್ಜಿ ಅದನ್ನೇ ನೋಡುತ್ತ ಹೇಳಿದಳು: “ಪುಣ್ಯ ಮಾಡಿದೆ ಅದು. ಮಿಠಾಯಿ ಕೊಡೋಕೆ ಅಜ್ಜಿನೂ ಇಲ್ಲ, ಡಾಕ್ಟ್ರೂ ಇಲ್ಲ.”