ಮ್ಯಾನೇಜರ ಕಾಲಿನ ಹಿಡಿತ

“ಇನ್ನೂ ಬಿಗಿಯಾಗಿ ಹಿಡೀರಿ ಸಾರ್!” ಎಂದು ಕೋಚ್ ಮೇಡಂ ಕೂಗಿದರು. ಮ್ಯಾಟ್ ಮೇಲೆ ಅಂಗಾತ ಮಲಗಿದ್ದ ಮ್ಯಾನೇಜರು, ಎದುರು ಮಂಡಿಯೂರಿದ್ದ ಹೌದಪ್ಪನ ಸೊಂಟಕ್ಕೆ ಕಾಲು ಸುತ್ತಿ, ಅವನ ಬೆನ್ನ ಹಿಂದೆ ಪಾದ ಹೆಣೆಯಲು ಹೆಣಗುತ್ತಿದ್ದರು. ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ಕುಸ್ತಿಯಲ್ಲಿ ಇದಕ್ಕೆ ಕ್ಲೋಸ್ಡ್ ಗಾರ್ಡ್ ಎನ್ನುತ್ತಾರೆ. ಕೆಳಗೆ ಬಿದ್ದವನೇ ಮೇಲಿನವನನ್ನು ಆಳುವ ಪಟ್ಟು. ಆದರೆ ಮ್ಯಾನೇಜರ ಹೊಟ್ಟೆಗೂ ಈ ಪಟ್ಟಿಗೂ ಎಣ್ಣೆ ಸೀಗೇಕಾಯಿ ಸಂಬಂಧ.

ಹೌದಪ್ಪ ಎಂಬುದು ಅವನ ಹೆಸರಲ್ಲ, ಆಫೀಸಿನವರು ದಯಪಾಲಿಸಿದ ಬಿರುದು. ಎರಡು ವರ್ಷದಿಂದ ಈ ಕುಸ್ತಿ ಕ್ಲಾಸಿನಲ್ಲಿ ಕಲಿಯುತ್ತಿದ್ದ ಅವನು ಬೆನ್ನು ನೆಟ್ಟಗೆ ಮಾಡಿ ಮೊಣಕೈ ಒತ್ತಿದರೆ ಸಾಕಿತ್ತು, ಇಂಥ ಹಿಡಿತ ಬಾಳೆನಾರಿನಂತೆ ಕಿತ್ತುಬರುತ್ತಿತ್ತು. ಆದರೆ ಹೊಸ ಬ್ರಾಂಚಿಗೆ ಯಾರು ಮುಖ್ಯಸ್ಥರೆಂದು ನಾಳೆ ತೀರ್ಮಾನಿಸುವವರು ಈಗ ಅವನ ಸೊಂಟಕ್ಕೆ ಜೋತುಬಿದ್ದು ಏದುಸಿರು ಬಿಡುತ್ತಿದ್ದರು. ಅವರೆದುರು ಅವನ ಬೆನ್ನು ನೆಟ್ಟಗಾದದ್ದೇ ಇಲ್ಲ.

“ಹೇಗಿದೆ ಹಿಡಿತ?”

“ಅಯ್ಯಯ್ಯೋ, ಉಡದ ಪಟ್ಟು ಸಾರ್! ಉಸಿರಾಡೋಕೂ ಆಗ್ತಿಲ್ಲ.”

ಅಷ್ಟರಲ್ಲಿ ಬೆವರಿಗೆ ಜಾರಿ ಮ್ಯಾನೇಜರ ಪಾದಗಳು ಬಿಚ್ಚಿಕೊಂಡವು. ಪ್ರಮೋಷನ್ನೇ ಜಾರಿದಷ್ಟು ಗಾಬರಿಯಿಂದ ಹೌದಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಆ ಪಾದಗಳನ್ನು ಜೋಡಿಸಿ ತಾನೇ ಹಿಡಿದುಕೊಂಡ. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಭರ್ಜರಿಯಾಗಿ ಕೊಸರಾಡಿದ. ಕಾಲು ಜೋಮು ಹಿಡಿದಿದ್ದ ಮ್ಯಾನೇಜರಿಗೆ ಏನೂ ಗೊತ್ತಾಗಲಿಲ್ಲ. ಹೊಟ್ಟೆ ಅಡ್ಡವಿದ್ದುದರಿಂದ ಕಾಣಲೂ ಇಲ್ಲ.

ಕಂಡದ್ದು ಕೋಚ್ ಮೇಡಂಗೆ. ಬಗ್ಗಿ ಅವನ ಕಿವಿಯಲ್ಲಿ, “ಏನ್ರೀ ಇದು? ನಿಮ್ಮನ್ನ ನೀವೇ ಕಟ್ಟಿ ಹಾಕ್ಕೊಂಡಿದೀರಲ್ಲ!” ಎಂದರು.

“ಸುಮ್ನಿರಿ ಮೇಡಂ, ಹೊಟ್ಟೆಪಾಡು,” ಎಂದು ಅವನು ಪಿಸುಗುಟ್ಟಿದ.

ಗಂಟೆ ಹೊಡೆಯಿತು. ಗೆದ್ದ ಖುಷಿಯಲ್ಲಿ ಮ್ಯಾನೇಜರು ಚಾವಣಿ ನೋಡುತ್ತ ಮನಸಾರೆ ನಕ್ಕರು. ನಗು ಮುಗಿದಾಗ ಅವರ ಹುಬ್ಬು ಗಂಟಿಕ್ಕಿತ್ತು.

“ಅಲ್ರೀ, ಹೊಸ ಬ್ರಾಂಚ್‌ಗೆ ನಿಮ್ಮನ್ನೇ ಹಾಕೋಣ ಅಂತಿದ್ದೆ. ಎರಡು ವರ್ಷ ಕಲ್ತು, ಮೊನ್ನೆ ಮೊನ್ನೆ ಸೇರಿದ ನನ್ನ ಕಾಲಿಂದ ಬಿಡಿಸ್ಕೊಳ್ಳೋಕಾಗ್ಲಿಲ್ಲ. ಅಷ್ಟು ಜನರನ್ನ ನೀವು ಹೇಗ್ರೀ ಸಂಭಾಳಿಸ್ತೀರಿ? ಬೇರೆ ಯಾರನ್ನಾದ್ರೂ ನೋಡೋದೇ ಒಳ್ಳೇದು, ಅಲ್ವಾ?”

“ಹೌದು ಸಾರ್,” ಎಂದ ಹೌದಪ್ಪ. ಅವನ ಕೈಗಳು ಇನ್ನೂ ಆ ಪಾದಗಳನ್ನು ಹಿಡಿದೇ ಇದ್ದವು.