ಸೇವೆಯ ಚೀಲ

ಅಜ್ಜಿ ಚೀಲವನ್ನು ಕೊಕ್ಕೆ ತಕ್ಕಡಿಗೆ ನೇತುಹಾಕುವುದನ್ನು ವೇದಶ್ರೀ ಕಣ್ಣು ಕೀಳದೆ ನೋಡಿದಳು. ಚೀಲದ ತಳದಲ್ಲಿ, ಮಡಿಚಿದ ಟವೆಲ್ಲಿನ ನಡುವೆ, ಅವಳ ಪಾಸ್‌ಪೋರ್ಟ್ ಇತ್ತು.

“ಎಂಟೂವರಿ,” ಎಂದಳು ಅಜ್ಜಿ ಸತ್ಯಭಾಮಾಬಾಯಿ. “ಸೇವಾಕ್ಕ ಹೊಂಟೀಯೋ, ಸಂಸಾರ ಹೂಡ್ಲಿಕ್ಕೆ ಹೊಂಟೀಯೋ?”

ಮಂತ್ರಾಲಯಕ್ಕೆ ಹೋಗುವವರ ಗಂಟು ಏಳು ಕಿಲೋ ದಾಟಬಾರದು. ಅದು ಅಜ್ಜಿಯ ಕಟ್ಟಳೆ. ಮಾನ್ವಿಯ ಆ ಮನೆಯಲ್ಲಿ ಅವಳ ಕಟ್ಟಳೆಗಳಿಗೆ ಕಾರಣ ಕೇಳುವ ರೂಢಿ ಇರಲಿಲ್ಲ. ವರ್ಷಕ್ಕೊಮ್ಮೆ ಅಜ್ಜಿ ಒಬ್ಬಳೇ ಮಂತ್ರಾಲಯಕ್ಕೆ ಸೇವೆಗೆ ಹೋಗುತ್ತಿದ್ದಳು. ವಾರವೆಂದು ಹೊರಟರೆ ಒಂದೆರಡು ದಿನ ಹೆಚ್ಚೇ ಹಿಡಿಯುತ್ತಿತ್ತು. ಅಷ್ಟೂ ದಿನ ಮನೆಯಿಂದ ಯಾರೂ ಫೋನ್ ಮಾಡುವಂತಿರಲಿಲ್ಲ. ಸೇವೆಗೆ ಕುಳಿತವರ ಮನಸ್ಸು ಕದಡಬಾರದು.

ವೇದಶ್ರೀಗೆ ಕಂಡ ಒಂದೇ ಕಿಂಡಿ ಅದು. ಅಪ್ಪ ಗುರುಪ್ರಸನ್ನ ದೇವದುರ್ಗದ ಹೈಸ್ಕೂಲಿನಲ್ಲಿ ಮಾಸ್ತರ. ಹೆಣ್ಣುಮಗಳು ಒಬ್ಬಳೇ ರಾಯಚೂರು ದಾಟಕೂಡದು, ಮದುವೆಯಾದ ಮೇಲೆ ಗಂಡನ ಜೊತೆ ಎಲ್ಲಿಗಾದರೂ ಹೋಗಲಿ ಎನ್ನುವವನು. ಮಂತ್ರಾಲಯಕ್ಕೆ ಮಾತ್ರ ವಿನಾಯಿತಿ, ಅದೂ ಅಜ್ಜಿ ಹೂಂ ಅಂದರೆ. ಈ ಸಲ ತಾನು ಸೇವೆಗೆ ಹೋಗುತ್ತೇನೆಂದು ವೇದಶ್ರೀ ಕೇಳಿದ್ದಳು, ಅಜ್ಜಿ ಹೂಂ ಅಂದಿದ್ದಳು. ಮುಂದಿನ ತಿಂಗಳು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೂ ಮೊದಲು ಒಮ್ಮೆ, ಒಂದೇ ಒಮ್ಮೆ, ಯಾರ ಮಗಳೂ ಯಾರ ಹೆಂಡತಿಯೂ ಆಗದೆ ಸಮುದ್ರದ ಮುಂದೆ ಕೂರಬೇಕು ಎಂಬುದು ಅವಳ ಆಸೆ. ಸಿಕ್ಕಿಬಿದ್ದರೆ ಆ ಆಸೆಯ ಜೊತೆಗೆ ಮಕ್ಕಳಿಗೆ ಹೇಳಿಕೊಡುವ ಟ್ಯೂಷನ್ನೂ, ಓಣಿಯ ತಿರುವಿನವರೆಗಿನ ಸಂಜೆಯ ನಡಿಗೆಯೂ ಮುಗಿದಂತೆ.

ಟ್ಯೂಷನ್ನಿನ ಉಳಿತಾಯ ಗೋವಾದ ಒಳ್ಳೆಯ ಹೋಟೆಲ್ಲಿಗೂ ಸಾಲುತ್ತಿರಲಿಲ್ಲ. ಆದರೆ ವಿಮಾನದ ಆಫರಿನಲ್ಲಿ ಹೈದರಾಬಾದಿನಿಂದ ಕೊಲಂಬೊಗೆ ಹೋಗಿ, ಹಾಸ್ಟೆಲ್ಲಿನ ಮೇಲಿನ ಮಂಚದಲ್ಲಿ ಮಲಗಿ ಬರಲು ಸಾಲುತ್ತಿತ್ತು. ಪಾಸ್‌ಪೋರ್ಟೂ ಇತ್ತು. ಆಧಾರ್ ಕಾರ್ಡುಗಳಲ್ಲಿ ಹೆಸರುಗಳು ತಪ್ಪಾಗಿವೆ, ಇನ್ನೊಂದು ಗುರುತು ಇರಲಿ ಎಂದು ಅಪ್ಪನೇ ಮನೆಮಂದಿಗೆಲ್ಲ ಮಾಡಿಸಿ ಅಜ್ಜಿಯ ಟ್ರಂಕಿಗೆ ಹಾಕಿಸಿದ್ದ. ಟ್ರಂಕಿಗೆ ಬೀಗ ಹಾಕುವುದನ್ನು ಎಂದೂ ಮರೆಯದ ಅಜ್ಜಿ ಹೋದ ವಾರ ಅದು ಹೇಗೋ ಮರೆತಿದ್ದಳು. ಇನ್ನು ಆ ಅಗ್ಗದ ಟಿಕೆಟ್ಟಿಗೆ ಕೈಚೀಲ ಮಾತ್ರ ಒಯ್ಯಬಹುದು, ಅದೂ ಏಳೇ ಕಿಲೋ. ಎಲ್ಲ ರಾಯರ ದಯೆ ಎಂದುಕೊಂಡಿದ್ದಳು ವೇದಶ್ರೀ.

ಅಜ್ಜಿ ಚೀಲ ಬಿಚ್ಚಿದಳು. ಕೊಬ್ಬರಿ ಎಣ್ಣೆಯ ಬಾಟಲಿ ಹೊರಗೆ ಬಂತು. ಮಾವಿನಕಾಯಿ ಉಪ್ಪಿನಕಾಯಿ ಹೊರಗೆ ಬಂತು.

“ಹಸೀದು ಯಾವುದೂ ಬ್ಯಾಡ. ಒಣಾ ತಿನಿಸು ಇಟ್ಕೋ,” ಎಂದು ಹುರಿ ಅವಲಕ್ಕಿ, ಚಟ್ನಿಪುಡಿ ತಂದಿಟ್ಟಳು. ನಂತರ ಅಟ್ಟದಿಂದ ತನ್ನ ಖಾಕಿ ಚೀಲ ಇಳಿಸಿದಳು. ರಾಯಚೂರಿನ ಟೇಲರ್ ಮೀರಾಹುಸೇನನ ಎದುರು ಕೂತು, ಅಳತೆ ಕೊಟ್ಟು ಹೊಲಿಸಿದ ಚೀಲ. “ಇದನ್ನ ತೊಗೊಂಡು ಹೋಗು. ನಿಂದು ಭಾಳ ಉಬ್ಬತದ.”

ಒಂದೊಂದೇ ಸಾಮಾನು ಚೀಲ ಬದಲಿಸಿತು. ಟವೆಲ್ಲು ಕೈಗೆ ಬಂದಾಗ ಅಜ್ಜಿ ಅರೆಕ್ಷಣ ತಡೆದಳು. ಬಿಚ್ಚದೆಯೇ ಅದು ಖಾಕಿ ಚೀಲ ಸೇರಿತು.

ಮರುದಿನ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅವಳ ಮುಂದಿನವನ ಉಪ್ಪಿನಕಾಯಿ ಡಬ್ಬಿಯನ್ನು ತಪಾಸಣೆಯವರು ಕಿತ್ತುಕೊಂಡರು. ವಿಮಾನ ಹತ್ತುವ ಬಾಗಿಲ ಬಳಿ, ಚೀಲಗಳ ಅಳತೆ ನೋಡುವ ಕಬ್ಬಿಣದ ಚೌಕಟ್ಟಿನಲ್ಲಿ ಅಜ್ಜಿಯ ಚೀಲ ಒರೆಗೆ ಕತ್ತಿ ಇಳಿದಂತೆ ಇಳಿಯಿತು. ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದಳು. ಜೊತೆಗೆ ಸುಳ್ಳು ಹೇಳಿದ್ದು ಚುಚ್ಚಿತು ಕೂಡ.

ಕೊಲಂಬೊದಿಂದ ಗಾಲೆಗೆ ಸಮುದ್ರದ ಪಕ್ಕದಲ್ಲೇ ರೈಲು. ಅವಳು ಎಡಗಡೆಯ ಕಿಟಕಿ ಹಿಡಿದಳು. ದಾರಿಯುದ್ದಕ್ಕೂ ಕಂಡದ್ದು ಹಿತ್ತಲ ಗೋಡೆ, ಒಣಹಾಕಿದ ಲುಂಗಿ. ಸಮುದ್ರವೆಲ್ಲ ಬಲಗಡೆ ಕೂತವರ ಪಾಲು. ಜಾಗ ಕೇಳಲು ನಾಚಿಕೆ. ಗಾಲೆಯಲ್ಲಿ ಇಳಿದವಳೇ ನೇರ ಮರಳಿಗೆ ನಡೆದು, ಅವಲಕ್ಕಿ ಬಿಚ್ಚಿ ಕೂತಳು. ಯಾರೂ ಹತ್ತಿರವಿಲ್ಲದ್ದು ನೋಡಿ ಅಲೆಗಳಿಗೆ ತನ್ನ ಹೆಸರು ಹೇಳಿದಳು. ಊರು ಮಾನ್ವಿ ಎಂದೂ ಹೇಳಿದಳು. ಪ್ರತಿ ಸಂಜೆ ಒಂದು ಜೊತೆ ಬಟ್ಟೆ ಒಗೆದು, ಪ್ರತಿ ಬೆಳಿಗ್ಗೆ ಅದನ್ನೇ ತೊಟ್ಟು, ವಾರವಿಡೀ ಯಾರಿಗೂ ಲೆಕ್ಕ ಒಪ್ಪಿಸದೆ ತಿರುಗಿದಳು. ಕೊನೆಗೊಂದು ದಿನ ಬೀದಿಯ ಮುದುಕಿಯೊಬ್ಬಳ ಜೊತೆ ಕೈಸನ್ನೆಯಲ್ಲೇ ಚೌಕಾಸಿ ಮಾಡಿ, ಅಜ್ಜಿಗೆಂದು ದಾಲ್ಚಿನ್ನಿ ಕೊಂಡಳು.

ಹಿಂದಿರುಗಿ ರಾಯಚೂರಿನಲ್ಲಿ ಇಳಿದವಳು ಮನೆಯ ಬಸ್ಸು ಹತ್ತಲಿಲ್ಲ. ಮಂತ್ರಾಲಯಕ್ಕೆ ಹೋಗಿ, ನಿಜವಾಗಿಯೂ ಪ್ರದಕ್ಷಿಣೆ ಹಾಕಿ, ತಪ್ಪಾಯಿತೆಂದು ಬೇಡಿ, ಪ್ರಸಾದ ತಂದಳು. ಅದಕ್ಕೆ ಒಂದು ದಿನ ಹೆಚ್ಚು ಹಿಡಿಯಿತು.

ಮನೆಯಲ್ಲಿ ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ಅಡುಗೆಮನೆಯಲ್ಲಿ ಅಜ್ಜಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ದಾಲ್ಚಿನ್ನಿ ಎತ್ತಿಕೊಂಡಳು. ಇಲ್ಲಿಯ ಬಜಾರದ ದಪ್ಪ ಚಕ್ಕೆಯಲ್ಲ, ಕಾಗದದಷ್ಟು ತೆಳು ಸುರುಳಿ. ಮುರಿದಳು. ಮೂಸಿದಳು.

“ಇದೆಲ್ಲಿದು?”

“ಅಲ್ಲೇ ಅಜ್ಜಿ, ಮಠದ ಮುಂದಿನ ಬಜಾರದಾಗ.”

ಅಜ್ಜಿ ಚೀಲವನ್ನು ಹಿತ್ತಲ ಬಾಗಿಲಲ್ಲಿ ತಿರುವಿ ಕೊಡವಿದಳು. ಹೊಲಿಗೆಯ ಸಂದಿಯಿಂದ ಮರಳು ಉದುರಿತು. ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿದಳು. ತುಂಗಭದ್ರೆಯ ಮರಳು ಉಪ್ಪಾಗಿರುವುದಿಲ್ಲ.

“ಪ್ರಸನ್ನಾ,” ಎಂದು ಅಜ್ಜಿ ಪಡಸಾಲೆಗೆ ಕೇಳುವಂತೆ ಕೂಗಿದಳು. ಪೇಪರ್ ಮಡಿಚುವ ಸದ್ದಾಯಿತು.

“ಏನಮ್ಮಾ?”

“ಗಂಡಿನ ಕಡ್ಯಾವ್ರಿಗೆ ಮೊದಲೇ ಹೇಳಿಬಿಡು. ನಮ್ಮ ಹುಡುಗಿ ವರ್ಷಕ್ಕೊಮ್ಮೆ ಒಬ್ಬಾಕಿನೇ ಸೇವಾಕ್ಕ ಹೋಗ್ತಾಳ. ಒಪ್ಪಿದ್ರ ಬರ್ಲಿ, ಇಲ್ಲಾಂದ್ರ ಬ್ಯಾಡ.”

ಅಪ್ಪ ಹೂಂಗುಟ್ಟಿದ. ಅಜ್ಜಿ ದಾಲ್ಚಿನ್ನಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದಳು.

“ಗಾಲೆ ರೈಲಿನ್ಯಾಗ ಬಲಗಡಿ ಕೂತಿದ್ಯೋ ಇಲ್ಲೋ? ಮೊದಲ್ನೇ ಸಲ ನಾ ಎಡಗಡಿ ಕೂತು, ಬರೇ ಗೋಡಿ ನೋಡಿ ಬಂದಿದ್ದೆ.”