ಧೂಳಮ್ಮನ ಕಡಗ

ಅಮಾವಾಸ್ಯೆಗೆ ಎರಡು ದಿನ ಮೊದಲು, ಕುರಿ ಹೊರಡುವ ಹೊತ್ತಿಗೆ, ರಾಜೇಶ್ವರಿ ಹಟ್ಟಿಯ ಮುಂದೆ ಕೂದಲು ಬಿಚ್ಚಿ ಕುಳಿತು ಹನ್ನೆರಡು ವರ್ಷದ ಹಿಂದೆ ಕಾಣೆಯಾದ ತನ್ನ ತಾಯಿಯಾಗಿ ಮಾತಾಡತೊಡಗಿದಳು.

"ನಾ ಧೂಳಮ್ಮ. ನನ್ನ ಕಾಲಾಗಿನ ಬೆಳ್ಳಿ ಕಡಗ ಯಾರ ಬಲ್ಲಿ ಅದಾವೋ ಅವ್ರು ತಂದಿಡ್ರಿ. ಇಡಲಿಲ್ಲಂದ್ರ ಅವ್ರ ಮನಿ ತೊಟ್ಟಿಲ ನಾನೇ ತೂಗ್ತೀನಿ."

ಜನ ಮುಖ ಮುಖ ನೋಡಿಕೊಂಡರು. ಧೂಳಮ್ಮ ಹುಲಸೂರ ದಾರಿಯಲ್ಲಿ ಯಾವನದೋ ಲಾರಿ ಹತ್ತಿ ಓಡಿಹೋದಳೆಂದು ಊರಿಗೆ ಊರೇ ನಂಬಿತ್ತು. ಕಾಲಲ್ಲಿ ಕಡಗ ಹಾಕಿಕೊಂಡೇ ಹತ್ತಿದಳು, ನಾನು ಕಣ್ಣಾರೆ ಕಂಡೆ ಎಂದಿದ್ದವನು ಅವಳ ಮೈದುನ ವೈಜಿನಾಥ. ಸತ್ತ ಗಂಡನ ಪಾಲಿನ ಹೊಲ ಬರೆದುಕೊಡುವುದಿಲ್ಲ ಎಂದು ಅವಳು ಅವನ ಎದುರಿಗೆ ನಿಂತು ಹೇಳಿದ ವಾರದಲ್ಲೇ ಅದು ನಡೆದಿತ್ತು. ಅಂದಿನಿಂದ ರಾಜೇಶ್ವರಿ ಓಡಿಹೋದವಳ ಮಗಳು. ಸಾಲೆಯಲ್ಲೂ ಅದೇ, ಬಾವಿಕಟ್ಟೆಯಲ್ಲೂ ಅದೇ.

ದೆವ್ವ ಬಿಡಿಸುವ ಅಂಬಾದಾಸ ರೂಢಿಯ ಮಾತು ಹೇಳಿದ. ಕೇಳಿದ ವಸ್ತುವನ್ನು ಅಮಾವಾಸ್ಯೆಯ ಮಟಮಟ ಮಧ್ಯಾಹ್ನ ಮೂರು ದಾರಿ ಕೂಡುವಲ್ಲಿ, ಬುತ್ತಿಯ ಜೊತೆ ಇಟ್ಟು ಬರಬೇಕು. ಇಟ್ಟವರು ಯಾರೆಂದು ಯಾರೂ ಕೇಳಬಾರದು. ಇಟ್ಟವರು ಹಿಂದಿರುಗಿ ನೋಡಬಾರದು, ನೋಡಿದರೆ ದೆವ್ವ ಬೆನ್ನು ಹತ್ತುತ್ತದೆ. ಈ ರೂಢಿ ರಾಜೇಶ್ವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೂದಲು ಬಿಚ್ಚಿದ್ದಳು.

ಬಸವಕಲ್ಯಾಣದ ಹಾಸ್ಟೆಲ್ ಲೈಬ್ರರಿಯಲ್ಲಿ ಅವಳೊಂದು ಕಾದಂಬರಿ ಓದಿದ್ದಳು. ಅದರಲ್ಲಿ ದೆವ್ವಗಳೇ ಬಂದು ಇನ್ಸ್‌ಪೆಕ್ಟರನಿಗೆ ಕೊಲೆಗಾರನ ವಿಳಾಸ ಕೊಡುತ್ತಿದ್ದವು. ದೆವ್ವಗಳು ಅಷ್ಟು ಉಪಕಾರಿಗಳಾಗಿದ್ದರೆ ಊರಿಗೆ ಠಾಣೆಯೇ ಬೇಕಿರಲಿಲ್ಲ ಎಂದು ನಕ್ಕಿದ್ದಳು. ಸತ್ತವರು ತಾವಾಗಿ ಮಾತಾಡುವುದಿಲ್ಲ. ಬದುಕಿದವರು ಯಾರಾದರೂ ಬಾಯಿ ಕಡ ಕೊಡಬೇಕು.

ಇದೆಲ್ಲ ನಾಟಕವೆಂದು ಅವಳು ಹೇಳಿದ್ದು ಅಜ್ಜಿ ಮೀರಾಬಾಯಿಗೆ ಮಾತ್ರ. ಅಜ್ಜಿ ಮೊದಲು ಕೆನ್ನೆಗೆ ಬಾರಿಸಿದಳು. ವೈಜಿನಾಥ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ. ಆಮೇಲೆ ಸೆರಗು ಬಿಗಿದುಕೊಂಡು, "ಆರು ವರ್ಷದ ಕೂಸಿನ್ನ ಬಿಟ್ಟು ಹೋಗೂ ಹೆಣ್ಣಲ್ಲ ಅದು. ನಡಿ, ಬರ್ತೀನಿ" ಎಂದಳು.

ಅಮಾವಾಸ್ಯೆಯ ಮಧ್ಯಾಹ್ನ ಇಬ್ಬರೂ ಜಾಲಿ ಪೊದೆಯ ಹಿಂದೆ ಕುಳಿತರು. ನೆರಳು ಕಾಲಡಿಗೆ ಸೇರುವ ಹೊತ್ತಿಗೆ ವೈಜಿನಾಥ ಬಂದ. ಬುತ್ತಿ ಇಟ್ಟ, ಕಂಬಳಿಯೊಳಗಿಂದ ಒಂದು ಗಂಟು ತೆಗೆದು ಅದರ ಪಕ್ಕಕ್ಕಿಟ್ಟ, ತಿರುಗಿ ನಡೆದ. ಅಜ್ಜಿ ಹೋಗಿ ಗಂಟು ಬಿಚ್ಚಿದಳು. ಕಡಗವೊಂದರ ಬಿರುಕಿಗೆ ತಾಮ್ರದ ತಂತಿ ಸುತ್ತಿತ್ತು. ಸೊಸೆ ಮನೆತುಂಬಿದ ವರ್ಷ ಅದನ್ನು ಸುತ್ತಿದವಳು ಅಜ್ಜಿಯೇ.

"ನಿಲ್ಲು" ಎಂದಳು ರಾಜೇಶ್ವರಿ.

ವೈಜಿನಾಥ ನಿಂತ. ಹಿಂದಿರುಗಿ ನೋಡಲಿಲ್ಲ.

"ವೈನಿ, ನಿನ್ನವು ನಿನಗ ಕೊಟ್ಟೀನಿ" ಎಂದ, ಅತ್ತಿಗೆಯೇ ಕರೆದಳೆಂದು ತಿಳಿದು. "ನಿನಗ ಮಾಡಿದ್ದು ನಾನು, ತೊಟ್ಟಿಲಾಗಿನ ನನ್ನ ಮೊಮ್ಮಗ ಅಲ್ಲ. ಕೂಸಿನ್ನ ಬಿಡು."

"ವೈನಿ ಅಲ್ಲ ಕಾಕಾ, ರಾಜೇಶ್ವರಿ. ಆಯಿನೂ ಬಂದಾಳ, ನಿಮ್ಮವ್ವ. ಹೊಳ್ಳಿ ನೋಡ್ರಿ."

ಅವನ ಕುತ್ತಿಗೆ ಅಲುಗಲಿಲ್ಲ. ದೆವ್ವಗಳು ಹೀಗೆ ಮನೆಯವರ ಹೆಸರು ಹೇಳಿಯೇ ಕರೆಯುತ್ತವೆ ಎಂದು ಅವನಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ಇದೇ ತಾಯಿ.

"ಬ್ಯಾಡ, ಹೊಳ್ಳಬ್ಯಾಡ್ರಿ" ಎಂದಳು ರಾಜೇಶ್ವರಿ. "ನಾವೇ ಮುಂದ ಬರ್ತೀವಿ."

ಇಬ್ಬರೂ ಅವನನ್ನು ಬಳಸಿ ನಡೆದರು. ಅಜ್ಜಿಯ ಕೈಯಲ್ಲಿ ಕಡಗಗಳು ಹೆಜ್ಜೆಗೊಮ್ಮೆ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ವೈಜಿನಾಥ ಕಣ್ಣು ಮುಚ್ಚಿಕೊಂಡ.